ತಿಪ್ಪೆಯಿಂದ ಪುರಸಭೆಯ ಗುಂಡಿಗೆ

ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದಾಗ ಅದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ಆ ಹೆಸರಿಡುವ ರೂಢಿ ನಮ್ಮಲ್ಲಿತ್ತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೀಪಾವಳಿಯಂದು ತಿಪ್ಪೆಗೂ ಹೂವಿಟ್ಟು ದೀಪ ಹಚ್ಚುತ್ತಾರೆ. ಕಸ ಹಾಕುವ ಜಾಗಕ್ಕೆ ಪೂಜೆಯೇ ಎಂದು ಪಟ್ಟಣದ ವಿದ್ಯಾರ್ಥಿಗೆ ಸೋಜಿಗವಾಗಬಹುದು. ಆದರೆ ರೈತನ ಲೆಕ್ಕದಲ್ಲಿ ಅದು ಕಸದ ಜಾಗವಲ್ಲ, ಮುಂದಿನ ವರ್ಷದ ಬೆಳೆಯನ್ನು ಕೂಡಿಟ್ಟ ಜಾಗ.

ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ರಾಗಿ ಮತ್ತು ಹೊಗೆಸೊಪ್ಪು, ಕಾವೇರಿ ನಾಲೆಗಳ ನೀರುಣ್ಣುವ ಕೃಷ್ಣರಾಜನಗರದಲ್ಲಿ ಭತ್ತ, ಕಾಡಂಚಿನ ಹೆಗ್ಗಡದೇವನಕೋಟೆಯಲ್ಲಿ ರಾಗಿ ಮತ್ತು ಹತ್ತಿ. ಬೆಳೆ ಬೇರೆಯಾದರೂ ಗೊಬ್ಬರದ ಮೂಲ ಒಂದೇ ಆಗಿತ್ತು. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಮನೆ ಗುಡಿಸಿದ ಕಸ, ಎಲ್ಲವೂ ದಿನವೂ ತಿಪ್ಪೆ ಸೇರಿ ಬೇಸಿಗೆಯಲ್ಲಿ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದವು. ಸಾಲದಿದ್ದರೆ ಕುರಿಗಾಹಿಗಳಿಗೆ ಕಾಳು ಕೊಟ್ಟು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು.

ಈ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ತೆರೆದ ತಿಪ್ಪೆಯ ಸಾರಜನಕ ಬಿಸಿಲಿಗೆ ಅಮೋನಿಯವಾಗಿ ಗಾಳಿ ಸೇರುತ್ತದೆ, ಮಳೆಗೆ ಕರಗಿ ಹರಿದುಹೋಗುತ್ತದೆ. ಇದನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು ಇಂಗ್ಲೆಂಡಿನ ಆಲ್ಬರ್ಟ್ ಹೋವರ್ಡ್. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿದ ಅವರು, ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ ಇಂದೋರ್ ಪದ್ಧತಿಯನ್ನು ರೂಪಿಸಿದರು. ಹೊಲದ ಕಸ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ಮಗುಚುವುದು ಆ ಕ್ರಮ. ಮಗುಚಿದಾಗ ಒಳಗೆ ಗಾಳಿಯಾಡಿ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಹೊಸ ವಿದ್ಯೆಯೆಂದು ಇದು ಜಗತ್ತೆಲ್ಲ ಹೆಸರಾಯಿತು. ಅದರ ಬೇರುಗಳು ಭಾರತ ಮತ್ತು ಚೀನದ ರೈತರ ಅಂಗಳದಲ್ಲಿವೆ ಎಂಬುದನ್ನು ಹೋವರ್ಡ್ ಮರೆಮಾಚಲಿಲ್ಲ, ಅದು ಅವರ ದೊಡ್ಡಗುಣ.

ಇಂದೋರ್ ಪದ್ಧತಿ ಹೊಲಕ್ಕೆ ಹೊಂದುತ್ತಿತ್ತು. ಪಟ್ಟಣಕ್ಕೆ? ಅಲ್ಲಿ ದಿನವೂ ಬೀಳುವ ಕಸವನ್ನು ಮಗುಚುತ್ತ ಕೂರಲು ಆಳೂ ಸಾಲದು, ಜಾಗವೂ ಸಾಲದು. ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಸಿಕ್ಕಿತು. ಮೈಸೂರು ಸಂಸ್ಥಾನ ನೀಡಿದ ನೆಲದಲ್ಲಿ ತಲೆಯೆತ್ತಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಹೊತ್ತಿಗೆ ಬೇರೊಂದು ಕ್ರಮವನ್ನು ರೂಪಿಸಿದರು. ಇಂದಿಗೂ ಕೃಷಿ ವಿಜ್ಞಾನದ ಪಠ್ಯಗಳಲ್ಲಿ ಅದರ ಹೆಸರು ಬೆಂಗಳೂರು ಪದ್ಧತಿ. ಗುಂಡಿಯಲ್ಲಿ ಸುಮಾರು 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ, ಹೀಗೆ ತುಂಬಿಸಿ ಕೊನೆಗೆ ಮಣ್ಣು ಮೆತ್ತಿ ಮುಚ್ಚುವುದು. ಮೊದಲ ಕೆಲವು ದಿನ ಒಳಗೆ ಕಾವೇರಿ ರೋಗಾಣುಗಳು, ನೊಣದ ಮೊಟ್ಟೆಗಳು, ಕಳೆಬೀಜಗಳು ಸಾಯುತ್ತವೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ಮಗುಚುವ ಕೆಲಸವಿಲ್ಲ, ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೆ. ಎರಡನೆಯ ಮಹಾಯುದ್ಧ ಮತ್ತು ಬಂಗಾಳದ ಬರಗಾಲದ ದಿನಗಳಲ್ಲಿ, ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಆರಂಭವಾದ ಮೇಲೆ, ಈ ಪದ್ಧತಿಗೆ ಸರ್ಕಾರದ ಬೆಂಬಲವೂ ದೊರೆಯಿತು. ಊರಿನ ಕಸ ಹೊಲಕ್ಕೆ, ಹೊಲದ ಕಾಳು ಊರಿಗೆ; ಕಾಗದದ ಮೇಲೆ ಇದಕ್ಕಿಂತ ಅಂದವಾದ ಲೆಕ್ಕ ಇನ್ನೊಂದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ‘ಕಸ ಹಾಕಬೇಕು, ಮಲ ಹರಡಬೇಕು, ಮಣ್ಣು ಮುಚ್ಚಬೇಕು’ ಎಂದು ಬರೆಯುವುದು ಸುಲಭ. ‘ಬೇಕು’ ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ, ಯಾರು ಎಂದು ಅದು ಹೇಳಬೇಕಾಗಿಲ್ಲ. ಇತಿಹಾಸದ ವಿದ್ಯಾರ್ಥಿ ಕೇಳಬೇಕಾದದ್ದು ಈ ಬಿಟ್ಟುಹೋದ ಕರ್ತೃಪದವನ್ನೇ. ಮನೆಮನೆಯ ಒಣ ಪಾಯಿಖಾನೆಯಿಂದ ಮಲವನ್ನು ಬಳಿದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದವರು ಯಾರು? ಜಾತಿಯ ಕಾರಣದಿಂದಲೇ ಈ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ದಲಿತ ಸಮುದಾಯಗಳ ಗಂಡಸರು, ಹೆಂಗಸರು. ಗುಂಡಿಯೊಳಗೆ ಸೇರಿದ ಮೇಲೆ ಕಾವು ರೋಗಾಣುಗಳನ್ನು ಕೊಲ್ಲುತ್ತಿತ್ತು, ನಿಜ. ಗುಂಡಿಗೆ ಬರುವ ಮುನ್ನ ಅದನ್ನು ಹೊತ್ತವರ ಆರೋಗ್ಯಕ್ಕೆ ಆ ವಿಜ್ಞಾನದಲ್ಲಿ ರಕ್ಷಣೆ ಇರಲಿಲ್ಲ.

ಈ ಅಧ್ಯಾಯ ಮತ್ತೆ ಹುಣಸೂರಿನ ಕಡೆಗೆ ಬರುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ಅವರ ಸಂಪುಟದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ‘ಬೂಸಾ’ ಪ್ರಕರಣಕ್ಕಾಗಿ ಅವರನ್ನು ನೆನೆಯುವವರು ಬಹಳ. ನನ್ನ ಮಟ್ಟಿಗೆ ಈ ಆದೇಶವೇ ಅವರ ದೊಡ್ಡ ಕೆಲಸ. ರಾಷ್ಟ್ರಮಟ್ಟದ ನಿಷೇಧ ಕಾಯಿದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾಯಿದೆ 2013ರಲ್ಲಿ. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆದೇಶ ಹೊರಟ ಮಾತ್ರಕ್ಕೆ ಬದುಕು ಬದಲಾಗಿರಲಿಲ್ಲ.

ಮಲವನ್ನು ಬಿಟ್ಟ ಮೇಲೆ ಪಟ್ಟಣದ ಗೊಬ್ಬರಕ್ಕೆ ಉಳಿದದ್ದು ಬರಿಯ ಕಸ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿಕೊಂಡು ಬೆಂಗಳೂರಿನ ಕಸದಿಂದ ಗೊಬ್ಬರ ಮಾಡತೊಡಗಿತು. ಆದರೆ ಅಷ್ಟರಲ್ಲಿ ಕಸದ ಜಾತಕವೇ ಬದಲಾಗುತ್ತಿತ್ತು. ಬಾಳೆಎಲೆ, ಬೂದಿ, ಮಣ್ಣಿನ ಕುಡಿಕೆಗಳ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಬ್ಯಾಟರಿ, ಟ್ಯೂಬ್‌ಲೈಟಿನ ಚೂರು ಬಂದವು. ಎತ್ತಿನ ಕಾಲಿಗೆ ಗಾಜು ಚುಚ್ಚುವ ಗೊಬ್ಬರವನ್ನು ಯಾವ ರೈತ ಹೊಲಕ್ಕೆ ಸುರಿದಾನು? ಒಂದು ಕಾಲಕ್ಕೆ ರೈತರು ಹಣ ಕೊಟ್ಟು ಒಯ್ಯುತ್ತಿದ್ದ ಊರಿನ ಕಸ ಈಗ ಹಳ್ಳಿಗೆ ಬೇಡದ ನೆಂಟನಾಯಿತು. ಬೆಂಗಳೂರಿನ ಲಾರಿಗಳು ಸುರಿದ ಬೆರಕೆ ಕಸದ ವಿರುದ್ಧ ಮಂಡೂರಿನ ಜನ ಹಲವು ವರ್ಷ ಹೋರಾಡಿ, 2014ರ ಕೊನೆಗೆ ಅದನ್ನು ನಿಲ್ಲಿಸಿದರು.

ಬೆಂಗಳೂರಿನವರೇ ಆದ ಅಲ್ಮಿತ್ರ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೂಡಿದ ಮೊಕದ್ದಮೆಯಿಂದ, ಪಟ್ಟಣದ ಕಸಕ್ಕೆಂದೇ 2000ದಲ್ಲಿ ದೇಶದ ಮೊದಲ ನಿಯಮಗಳು ಬಂದವು. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ಮೂರಾಗಿ ವಿಂಗಡಿಸಬೇಕೆಂದು 2016ರ ನಿಯಮಗಳು ಹೇಳಿದವು. ಮೈಸೂರು ನಗರ ಕುಂಬಾರಕೊಪ್ಪಲಿನಂಥ ಕಡೆ ಬಡಾವಣೆಯ ಮಟ್ಟದಲ್ಲಿ ಕಸ ವಿಂಗಡಿಸಿ ಗೊಬ್ಬರ ಮಾಡುವ ಘಟಕ ನಡೆಸಿತು. 2016ರಲ್ಲಿ ಪ್ರಕಟವಾದ ಸ್ವಚ್ಛತೆಯ ಪಟ್ಟಿಯಲ್ಲಿ 73 ನಗರಗಳ ನಡುವೆ ಅದು ಮೊದಲ ಸ್ಥಾನ ಪಡೆಯಿತು. ವಿಂಗಡಣೆ ಮನೆಯಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ? ಪೌರಕಾರ್ಮಿಕರ ಕೈಯಲ್ಲಿ. ಬುಟ್ಟಿ ತಲೆಯಿಂದ ಇಳಿದರೂ, ಕೊಳೆತ ಅನ್ನದ ಜೊತೆ ಬ್ಲೇಡು ಸುತ್ತಿಟ್ಟ ಕವರನ್ನು ಬಿಚ್ಚುವವರು ಇಂದಿಗೂ ಅವರೇ.

ಮನೆಯಲ್ಲಿ ಮಾಡುವ ಕ್ರಮ ಕಷ್ಟವಲ್ಲ. ತೂತುಗಳಿರುವ ಒಂದು ಮಡಕೆ ಅಥವಾ ಹಳೆಯ ಬಕೆಟ್ಟು ಸಾಕು. ತರಕಾರಿ ಸಿಪ್ಪೆಯ ಮೇಲೆ ಪ್ರತಿ ಬಾರಿ ಒಣಗಿದ ತರಗೆಲೆ ಹಾಕಿ. ಸಿಪ್ಪೆಯಲ್ಲಿ ಸಾರಜನಕ, ತರಗಿನಲ್ಲಿ ಇಂಗಾಲ, ಎರಡೂ ಸೂಕ್ಷ್ಮಜೀವಿಗಳಿಗೆ ಬೇಕು. ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ನಾತ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ತರಗು ಸೇರಿಸಿ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ದೊರೆಯುತ್ತದೆ.

ನೀವು ಹುಣಸೂರಿನಲ್ಲಿರಲಿ, ಕೃಷ್ಣರಾಜನಗರದಲ್ಲಿರಲಿ, ನಿಮ್ಮ ಊರಿನ ಕಸ ಸೇರುವ ಜಾಗಕ್ಕೆ ಒಮ್ಮೆ ಅಧ್ಯಾಪಕರೊಂದಿಗೆ ಹೋಗಿ ಬನ್ನಿ. ಅಲ್ಲಿ ಗೊಬ್ಬರ ಮಾಡುತ್ತಿದ್ದರೆ ಯಾರು ಕೊಳ್ಳುತ್ತಾರೆ, ಏನು ಬೆಲೆ ಎಂದು ಕೇಳಿ ಬರೆದುಕೊಳ್ಳಿ. ಗೊಬ್ಬರವನ್ನು ಜರಡಿ ಹಿಡಿಯುವ ಹೊತ್ತಿಗೆ ಹೋದರೆ, ಕೆಳಗೆ ಬಿದ್ದದ್ದನ್ನಷ್ಟೇ ಅಲ್ಲ, ಜರಡಿಯ ಮೇಲೆ ಉಳಿದದ್ದೇನು, ಅದನ್ನು ಯಾರು ಬರಿಗೈಯಲ್ಲಿ ಆರಿಸುತ್ತಿದ್ದಾರೆ ಎಂಬುದನ್ನೂ ನೋಡಿ.