ಊರಿನವರ ಶುಲ್ಕ, ಹೊರಗಿನವರ ಶುಲ್ಕ

ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯಗಳು, ಅಂದರೆ ಆಯಾ ರಾಜ್ಯದ ಶಾಸನದಿಂದ ಹುಟ್ಟಿ ಆ ರಾಜ್ಯದ ಬೊಕ್ಕಸದ ನೆರವಿನಿಂದ ನಡೆಯುವ ವಿದ್ಯಾಸಂಸ್ಥೆಗಳು, ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂರುವ ಇಬ್ಬರಿಂದ ಎರಡು ಬಗೆಯ ಬೋಧನಾ ಶುಲ್ಕವನ್ನು ಪಡೆಯುತ್ತವೆ. 2020-21ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಪದವಿ ಓದುವ ಸ್ಥಳೀಯ ವಿದ್ಯಾರ್ಥಿಗೆ ವರ್ಷಕ್ಕೆ 12,570 ಡಾಲರ್ ಶುಲ್ಕ ಗೊತ್ತುಮಾಡಿದ್ದರೆ, ಹೊರರಾಜ್ಯದ ವಿದ್ಯಾರ್ಥಿ ಅದರ ಮೇಲೆ ಇನ್ನೂ 29,754 ಡಾಲರ್ ತೆರಬೇಕಾಗಿತ್ತು. ಇಷ್ಟು ಹಣ ಕೊಟ್ಟು ಗಡಿಯಾಚೆ ಓದುವುದು ಸಾರ್ಥಕವೇ ಎಂಬ ಪ್ರಶ್ನೆ ಇಂದು ಅಲ್ಲಿನ ಮನೆಮನೆಯದು. ಆದರೆ ಈ ಪ್ರಶ್ನೆ ಇಷ್ಟು ಭಾರವಾದದ್ದು ಈಚಿನ ದಶಕಗಳಲ್ಲಿ.

1862ರ ಮೊರಿಲ್ ಕಾಯಿದೆಯು ಪ್ರತಿ ರಾಜ್ಯಕ್ಕೆ, ಅದರ ಒಬ್ಬೊಬ್ಬ ಸಂಸತ್ ಪ್ರತಿನಿಧಿಯ ಲೆಕ್ಕದಲ್ಲಿ, 30,000 ಎಕರೆ ಭೂಮಿಯನ್ನು ಕೊಟ್ಟು, ಅದನ್ನು ಮಾರಿ ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ಕಟ್ಟುವಂತೆ ಮಾಡಿತು. ಹೀಗೆ ಈ ವಿದ್ಯಾಲಯಗಳಲ್ಲಿ ಹಲವುಗಳ ಮೊದಲ ಬಂಡವಾಳ ಇಡೀ ದೇಶದ ಸೊತ್ತಾಗಿತ್ತು, ಅದಕ್ಕೂ ಮೊದಲು ಮೂಲನಿವಾಸಿ ಜನಾಂಗಗಳ ನೆಲವಾಗಿತ್ತು ಎಂಬುದನ್ನು, ಊರಿನವರು ಯಾರು ಹೊರಗಿನವರು ಯಾರು ಎಂದು ವಿಂಗಡಿಸುವಾಗ ಮರೆಯಲಾಗದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಿಷಿಗನ್ ವಿಶ್ವವಿದ್ಯಾಲಯವು ಪ್ರವೇಶ ಶುಲ್ಕವೆಂದು ತನ್ನ ರಾಜ್ಯದವರಿಂದ 10 ಡಾಲರ್, ಇತರರಿಂದ 25 ಡಾಲರ್ ಪಡೆಯುತ್ತಿತ್ತು. ಆ ಅಂತರವನ್ನು ಇಂದಿನದಕ್ಕೆ ಹೋಲಿಸುವಂತೆಯೇ ಇಲ್ಲ. ಕ್ಯಾಲಿಫೋರ್ನಿಯ ತನ್ನ 1960ರ ಉನ್ನತ ಶಿಕ್ಷಣದ ಮಹಾಯೋಜನೆಯಲ್ಲಿ ಸ್ಥಳೀಯರಿಗೆ ಬೋಧನೆ ಉಚಿತವೆಂಬ ಹಳೆಯ ತತ್ತ್ವವನ್ನು ಎತ್ತಿಹಿಡಿದು, ಹೊರಗಿನವರು ಬೋಧನೆಯ ವೆಚ್ಚವನ್ನು ಭರಿಸಬೇಕೆಂದಿತು. ತೆರಿಗೆ ಕೊಟ್ಟ ತಂದೆತಾಯಿಯರ ಮಕ್ಕಳಿಗೆ ರಿಯಾಯಿತಿ, ಕೊಡದವರಿಗೆ ನಿಜವೆಚ್ಚ ಎಂಬ ಈ ವಾದದಲ್ಲಿ ನ್ಯಾಯವಿತ್ತು.

ತೊಡಕು ಹುಟ್ಟಿದ್ದು 'ನಿವಾಸಿ' ಎಂಬ ಪದದಲ್ಲಿ. ಕನೆಟಿಕಟ್ ರಾಜ್ಯದ ಶಾಸನವು, ಅರ್ಜಿ ಹಾಕುವಾಗ ಹೊರರಾಜ್ಯದ ವಿಳಾಸವಿದ್ದ ವಿವಾಹಿತರನ್ನೂ, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ಎಂದಾದರೂ ಅಂಥ ವಿಳಾಸವಿದ್ದ ಅವಿವಾಹಿತರನ್ನೂ ಓದು ಮುಗಿಯುವವರೆಗೆ ಹೊರಗಿನವರೆಂದೇ ಎಣಿಸುತ್ತಿತ್ತು. ಆಮೇಲೆ ಅವರು ಅಲ್ಲೇ ಮನೆಮಾಡಿ, ಮತದಾರರಾಗಿ, ವಾಹನ ನೋಂದಾಯಿಸಿಕೊಂಡರೂ ಆ ಹಣೆಪಟ್ಟಿ ಕಳಚುತ್ತಿರಲಿಲ್ಲ. 1973ರಲ್ಲಿ ವ್ಲ್ಯಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ತಾನು ನಿವಾಸಿಯೆಂದು ತೋರಿಸಿಕೊಡಲು ಅವಕಾಶವನ್ನೇ ಕೊಡದ ಇಂಥ ಊಹೆ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಆದರೆ ಎರಡು ವರ್ಷ ಮೊದಲೇ ಅದು ಮಿನೆಸೋಟದ ಒಂದು ವರ್ಷದ ವಾಸದ ನಿಯಮವನ್ನು ಒಪ್ಪಿಕೊಂಡಿತ್ತು. ಹನ್ನೆರಡು ತಿಂಗಳ ವಾಸ ಮತ್ತು ಓದಿಗಾಗಿ ಮಾತ್ರವಲ್ಲದೆ ನೆಲೆಸಲೆಂದೇ ಬಂದದ್ದಕ್ಕೆ ಪುರಾವೆ ಎಂಬ, ಇಂದು ಬಹುತೇಕ ರಾಜ್ಯಗಳಲ್ಲಿ ಕಾಣುವ ಪದ್ಧತಿ ಈ ಎರಡು ತೀರ್ಪುಗಳ ನಡುವಿನ ಜಾಗದಲ್ಲಿ ನೆಲೆಯೂರಿದೆ.

ಭಾರತದ ಸರ್ವೋಚ್ಚ ನ್ಯಾಯಾಲಯ ಇದೇ ಪ್ರಶ್ನೆಯನ್ನು ಇನ್ನೂ ಮೊದಲೇ, 1955ರಲ್ಲಿ, ಎದುರಿಸಿತ್ತು. ಇಂದೋರಿನ ಸರ್ಕಾರಿ ವೈದ್ಯಕೀಯ ಕಾಲೇಜು ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಬಿಟ್ಟಿದ್ದ 1,500 ರೂಪಾಯಿಗಳ ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ಬೋಧನಾ ಶುಲ್ಕದ ಜೊತೆಗೆ ತಲೆಗಿಷ್ಟೆಂದು ಪಡೆಯುವ ಹಣವನ್ನು, ಹೊರಗಿನವರಿಂದ ಪಡೆಯುತ್ತಿತ್ತು. ಸಂವಿಧಾನ ನಿಷೇಧಿಸಿರುವುದು ಹುಟ್ಟಿದ ಸ್ಥಳದ ಆಧಾರದ ತಾರತಮ್ಯವನ್ನೇ ಹೊರತು ವಾಸದ ಆಧಾರದ ಭೇದವನ್ನಲ್ಲ ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಹೇಳಿದರು. ನ್ಯಾಯಮೂರ್ತಿ ಜಗನ್ನಾಥದಾಸ್ ಇದನ್ನು ಒಪ್ಪಲಿಲ್ಲ. ಬಹುಮತದ ವಾದದಲ್ಲಿ ಗಮನಿಸಬೇಕಾದ ಎಳೆಯೊಂದಿದೆ: ಸ್ಥಳೀಯರಲ್ಲಿ ಕೆಲವರಾದರೂ ಓದಿದ ಮೇಲೆ ಅಲ್ಲೇ ವೈದ್ಯರಾಗಿ ನಿಂತು ಸುತ್ತಲಿನವರಿಗೆ ಒದಗುವರೆಂಬ ನಿರೀಕ್ಷೆ. ಅಮೆರಿಕದ ತೆರಿಗೆಯ ವಾದ ಹಿಂದೆ ಕೊಟ್ಟದ್ದನ್ನು ನೋಡುತ್ತದೆ, ಇಂದೋರಿನ ತೀರ್ಪು ಮುಂದೆ ಸಲ್ಲಬಹುದಾದದ್ದನ್ನು ನೋಡಿತು. ಎರಡನೆಯದೇ ಹೆಚ್ಚು ಉದಾರವಾದ ಅಳತೆ. ಕರ್ನಾಟಕವು 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಗೊತ್ತುಮಾಡಿದ ದರದಲ್ಲಿ, ಸರ್ಕಾರಿ ಸೀಟಿಗೆ 2,000, ಅದು ಸಿಗದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಗಳವರೆಗೆ ಎಂಬ ಏಣಿಯಲ್ಲಿ, ಈ ಎರಡು ಅಳತೆಗಳೂ ಕಾಣಲಿಲ್ಲ. ಆ 60,000 ಕ್ಯಾಪಿಟೇಷನ್ನೇ ಎಂದು ಅದೇ ನ್ಯಾಯಾಲಯದ 1992ರ ಮೋಹಿನಿ ಜೈನ್ ತೀರ್ಪು ಹೇಳಿತು.

ಅಮೆರಿಕದಲ್ಲಿಯೂ ಕಾಲಕ್ರಮದಲ್ಲಿ ವೆಚ್ಚದ ವಾದ ಹಿಂದೆ ಸರಿದು ವರಮಾನದ ಆಸೆ ಮುಂದೆ ಬಂತು. ಅದರಲ್ಲೂ 2008ರ ಆರ್ಥಿಕ ಕುಸಿತದ ನಂತರ ರಾಜ್ಯಗಳ ನೆರವು ಕುಗ್ಗಿದಾಗ ಹೊರಗಿನ ವಿದ್ಯಾರ್ಥಿ ಆದಾಯದ ಮೂಲವಾದನು. ಉತ್ತರ ಕ್ಯಾರೊಲಿನ 1986ರಲ್ಲೇ ಹೊರಗಿನವರ ಪಾಲಿಗೆ ನೂರಕ್ಕೆ 18ರ ಮಿತಿ ಹಾಕಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಮಿತಿ ಹಾಕಿದ್ದು 2017ರಲ್ಲಿ. ದಕ್ಷಿಣದ ರಾಜ್ಯಗಳು 1974ರಲ್ಲಿ ಕೂಡಿಕೊಂಡು ಮಾಡಿದ ಏರ್ಪಾಡು ಇವೆಲ್ಲಕ್ಕಿಂತ ವಿವೇಕದ್ದು: ತನ್ನ ರಾಜ್ಯದಲ್ಲಿ ಕಲಿಸದ ವಿಷಯವನ್ನು ನೆರೆರಾಜ್ಯದಲ್ಲಿ ಓದುವವನು ಅಲ್ಲಿಯ ಸ್ಥಳೀಯ ಶುಲ್ಕವನ್ನೇ ಕೊಟ್ಟರೆ ಸಾಕು. ಗಡಿ ದಾಟುವುದು ಯಾವಾಗ ಸಾರ್ಥಕವೆಂಬುದಕ್ಕೆ ಈ ಒಡಂಬಡಿಕೆಯೇ ಸರಿಯಾದ ಉತ್ತರ ಕೊಡುತ್ತದೆ, ಏಕೆಂದರೆ ಮನೆಯ ಹತ್ತಿರವೇ ಸಿಗುವ ಪದವಿಗೆ ದೂರದಲ್ಲಿ ತೆರುವ ಹೆಚ್ಚುವರಿ ಹಣ ಅದೇ ತರಗತಿಯಲ್ಲಿ ಬೇರೆ ಪಾಠವನ್ನು ಕೊಡಿಸುವುದಿಲ್ಲ.

ಕರ್ನಾಟಕದಿಂದ ಅಮೆರಿಕಕ್ಕೆ ಹೋಗುವ ವಿದ್ಯಾರ್ಥಿಗೆ ಅಲ್ಲಿ ನೆಲೆಸಿ ಸ್ಥಳೀಯನಾಗುವ ಆಯ್ಕೆಯೂ ಇರುವುದಿಲ್ಲ. ಓದಿಗಾಗಿ ಕೊಡುವ ಎಫ್-1 ವೀಸಾ, ಸ್ವದೇಶದಲ್ಲಿರುವ ನೆಲೆಯನ್ನು ಬಿಡುವ ಉದ್ದೇಶವಿಲ್ಲವೆಂಬ ಷರತ್ತಿನ ಮೇಲೆ ನಿಂತಿರುವುದರಿಂದ, ನೆಲೆಸುವ ಇಚ್ಛೆಯ ಪುರಾವೆಯನ್ನು ಅವನು ಒದಗಿಸುವಂತಿಲ್ಲ. ಆದರೆ ಸ್ನಾತಕೋತ್ತರ ವಿಭಾಗದಲ್ಲಿ ಬೋಧನಾ ಸಹಾಯಕನಂಥ ಕೆಲಸ ಸಿಕ್ಕರೆ ಹಲವೆಡೆ ಶುಲ್ಕ ಮನ್ನಾ ಆಗುತ್ತದೆ. ಹೆಚ್-1ಬಿ ಎಂಬ ಉದ್ಯೋಗದ ವೀಸಾದಲ್ಲಿ ಅಲ್ಲಿರುವವರ ಮಕ್ಕಳ ಪಾಡು ಇನ್ನೂ ನೋವಿನದು. ತಂದೆ ಅಥವಾ ತಾಯಿಯ ಆಶ್ರಯದ ವೀಸಾ 21ನೆಯ ವಯಸ್ಸಿಗೆ ಮುಗಿಯುವುದರಿಂದ ಅವರು ಎಫ್-1ಕ್ಕೆ ಬದಲಾಗಬೇಕಾಗುತ್ತದೆ, ಮತ್ತು ಆ ಬದಲಾವಣೆಯೊಡನೆ ಕೆಲವು ರಾಜ್ಯಗಳಲ್ಲಿ, ಒಂದನೆಯ ತರಗತಿಯಿಂದ ಅಲ್ಲೇ ಓದಿ ಬೆಳೆದ ಹುಡುಗಿಯೂ, ಆಕೆಯ ಹೆತ್ತವರು ವರ್ಷವರ್ಷವೂ ತೆರಿಗೆ ಕಟ್ಟಿದ್ದರೂ, ಪದವಿಯ ನಡುವಿನಲ್ಲಿ ಹೊರಗಿನವಳಾಗುತ್ತಾಳೆ.