ಮಧುಮೇಹವೂ ಮಾಜಿ ಯೋಧರ ವೈಕಲ್ಯವೇತನವೂ: ಅಮೆರಿಕದ ಒಂದು ವ್ಯಾಜ್ಯಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ಕಾರವು 2001ನೆಯ ಇಸವಿಯ ಮೇ ತಿಂಗಳಲ್ಲಿ ಪ್ರಕಟಿಸಿದ ಒಂದು ನಿಯಮವು ಈ ಲೇಖನದ ವಿಷಯ. ಯುದ್ಧಕಾಲದಲ್ಲಿ ವಿಯೆಟ್ನಾಂ ಗಣರಾಜ್ಯದಲ್ಲಿ ಸೇವೆ ಸಲ್ಲಿಸಿದ ಯೋಧನಿಗೆ ಮುಂದೆ ಎಂದಾದರೂ ಎರಡನೆಯ ಬಗೆಯ ಮಧುಮೇಹವು ತಗುಲಿದಲ್ಲಿ, ಅದನ್ನು ಆ ಸೇವೆಯ ಫಲವೆಂದೇ ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ನಮ್ಮ ಹಿರಿಯರು ಸಿಹಿಮೂತ್ರವೆಂದು ಕರೆಯುತ್ತಿದ್ದ ಈ ವ್ಯಾಧಿಯು ರಣರಂಗವನ್ನು ಕಣ್ಣಿನಿಂದಲೂ ಕಾಣದ ಗುಮಾಸ್ತನಿಗೂ ವರ್ತಕನಿಗೂ ಬರುವಂಥದು. ಇಷ್ಟು ಸಾಧಾರಣವಾದ ರೋಗವು ಯುದ್ಧದ ಲೆಕ್ಕಕ್ಕೆ ಸೇರಿದುದು ಹೇಗೆ, ವಿಯೆಟ್ನಾಮಿನ ಎಲ್ಲೆ ಯಾವುದೆಂಬ ಪ್ರಶ್ನೆಯು ಬಳಿಕ ಹದಿನೆಂಟು ವರ್ಷ ಬಗೆಹರಿಯದೆ ಉಳಿದುದು ಏಕೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1962ರಿಂದ 1971ರವರೆಗೆ ಅಮೆರಿಕದ ಸೇನೆಯು ದಕ್ಷಿಣ ವಿಯೆಟ್ನಾಮಿನ ಕಾಡುಗಳ ಮೇಲೂ ಬೆಳೆಗಳ ಮೇಲೂ ಸುಮಾರು 2 ಕೋಟಿ ಗ್ಯಾಲನ್ ಸಸ್ಯನಾಶಕಗಳನ್ನು ಸಿಂಪಡಿಸಿತು. ಇವುಗಳಲ್ಲಿ ಹೆಚ್ಚಿನ ಪಾಲು ಏಜೆಂಟ್ ಆರೆಂಜ್ ಎಂಬ ಮಿಶ್ರಣದ್ದು. ಪೀಪಾಯಿಗಳ ಮೇಲೆ ಬಳಿದಿದ್ದ ಕಿತ್ತಳೆ ಬಣ್ಣದ ಪಟ್ಟಿಯೇ ಈ ಹೆಸರಿಗೆ ಮೂಲ. ಮಿಶ್ರಣದ ಎರಡು ಘಟಕಗಳಲ್ಲಿ ಒಂದಾದ 2,4,5-ಟಿ ಎಂಬುದನ್ನು ತಯಾರಿಸುವಾಗ ಯಾರೂ ಬಯಸದ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತಿದ್ದಿತು. ಅದು ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕರಗದೆ ಉಳಿಯತಕ್ಕ ವಸ್ತು.

ಮರಳಿ ಬಂದ ಯೋಧರ ಅಹವಾಲುಗಳನ್ನು ವಿಚಾರಿಸುತ್ತಿದ್ದುದು ಮಾಜಿ ಯೋಧರ ಇಲಾಖೆ. ಅದರ ತೀರ್ಮಾನದ ಮೇಲಿನ ಅಪೀಲನ್ನು ಕೇಳುತ್ತಿದ್ದುದು 1933ರಲ್ಲಿ ಏರ್ಪಟ್ಟ, ಅದೇ ಇಲಾಖೆಗೆ ಸೇರಿದ ಮಂಡಲಿ. 1988ರ ಶಾಸನದವರೆಗೆ ಅದರಾಚೆಗೆ ನ್ಯಾಯಾಸ್ಥಾನದ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇದ್ದಿತು. ವಕೀಲನು ಕಕ್ಷಿದಾರನಿಂದ 10 ಡಾಲರಿಗಿಂತ ಹೆಚ್ಚು ಫೀಜು ತೆಗೆದುಕೊಳ್ಳಕೂಡದೆಂಬ ಅಂತರ್ಯುದ್ಧ ಕಾಲದ ಕಟ್ಟಳೆಯೂ ಆವರೆಗೆ ಜಾರಿಯಲ್ಲಿದ್ದಿತು. ಯೋಧರನ್ನು ವಂಚಕ ವಕೀಲರಿಂದ ಕಾಪಾಡಲು ಹುಟ್ಟಿದ ಈ ಕಟ್ಟಳೆಯು ಕಡೆಗೆ ಅವರಿಗೆ ವಕೀಲರೇ ದೊರೆಯದಂತೆ ಮಾಡಿದುದು ವಿಪರ್ಯಾಸವೇ ಸರಿ.

1985ರಲ್ಲಿ ಇಲಾಖೆಯು ರಚಿಸಿದ ನಿಯಮವು ಕ್ಲೋರ್‌ಆಕ್ನೆ ಎಂಬ ಚರ್ಮರೋಗವೊಂದನ್ನೇ ಡಯಾಕ್ಸಿನ್ನಿನ ಫಲವೆಂದು ಒಪ್ಪಿತು. ಮರುವರ್ಷ ಹೂಡಲ್ಪಟ್ಟ ನೆಹ್ಮರ್ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಧೀಶ ಥೆಲ್ಟನ್ ಹೆಂಡರ್ಸನ್ನರು 1989ರಲ್ಲಿ ಈ ನಿಯಮವನ್ನು ತಳ್ಳಿಹಾಕಿದರು. ಇಲಾಖೆಯು ಕೇಳುತ್ತಿದ್ದುದು ಕಾರ್ಯಕಾರಣದ ರುಜುವಾತು. ಶಾಸನಸಭೆಯು ಉದ್ದೇಶಿಸಿದ್ದುದಾದರೋ ಅಂಕಿ ಅಂಶಗಳಲ್ಲಿ ತೋರುವ ಸಂಬಂಧ ಮಾತ್ರ. ಈ ಭೇದವು ನಮ್ಮ ವಿಷಯದ ತಿರುಳೆಂದೇ ಹೇಳಬೇಕು. ಒಬ್ಬ ವ್ಯಕ್ತಿಯ ಮಧುಮೇಹವು ಅವನ ತಂದೆಯಿಂದ ಬಂದುದೋ, ಅನ್ನದಿಂದ ಬಂದುದೋ, ಪೀಪಾಯಿಯಿಂದ ಬಂದುದೋ ಎಂದು ಬೇರ್ಪಡಿಸಿ ತೋರಿಸಬಲ್ಲ ವೈದ್ಯನಿಲ್ಲ. ಹತ್ತು ಸಾವಿರ ಜನರ ಲೆಕ್ಕದಲ್ಲಿ ಕಾಣುವುದು ಒಬ್ಬನ ದೇಹದಲ್ಲಿ ಕಾಣದು. 1991ರ ಏಜೆಂಟ್ ಆರೆಂಜ್ ಶಾಸನವು ಇದನ್ನು ಒಪ್ಪಿ, ಸಂಬಂಧದ ಪರೀಕ್ಷೆಯನ್ನು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ವಹಿಸಿತು.

ಸಿಂಪಡಣೆಯ ವಿಮಾನಗಳಲ್ಲಿ ದುಡಿದವರನ್ನು ವಾಯುಪಡೆಯು 1982ರಿಂದ ಕಾಲಕಾಲಕ್ಕೆ ಪರೀಕ್ಷಿಸುತ್ತ ಬಂದಿದ್ದಿತು. ಆ ಪರೀಕ್ಷೆಗಳ ಫಲವೂ ಸೇರಿದಂತೆ ದೊರೆತ ಸಾಮಗ್ರಿಯನ್ನೆಲ್ಲ ತೂಗಿ ನೋಡಿ, ಅಕಾಡೆಮಿಯ ಸಮಿತಿಯು 2000ದ ಅಕ್ಟೋಬರಿನಲ್ಲಿ ಮಧುಮೇಹದ ವಿಷಯದಲ್ಲಿ ಸಂಬಂಧವನ್ನು ಸೂಚಿಸುವ, ಆದರೆ ಪರಿಮಿತವಾದ ಸಾಕ್ಷ್ಯವಿದೆಯೆಂದು ತಿಳಿಸಿತು. ವಂಶ, ಸ್ಥೂಲಕಾಯ, ವ್ಯಾಯಾಮದ ಅಭಾವ ಇವುಗಳ ಪ್ರಭಾವದ ಮುಂದೆ ಸಸ್ಯನಾಶಕದಿಂದ ಹೆಚ್ಚುವ ಅಪಾಯವು ಅಲ್ಪವೆಂಬುದನ್ನೂ ಅದು ಮುಚ್ಚಿಡಲಿಲ್ಲ. ಆದರೂ ಸರ್ಕಾರವು ರೋಗವನ್ನು ಪಟ್ಟಿಗೆ ಸೇರಿಸಿತು. ಇದನ್ನು ವಿಜ್ಞಾನಕ್ಕೆ ಮಾಡಿದ ಅಪಚಾರವೆಂದು ಬಗೆಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಸಂದೇಹವು ಉಳಿದಾಗ ಅದರ ಲಾಭವು ಯೋಧನಿಗೆ ಸಲ್ಲಬೇಕೆಂಬುದು ಆ ದೇಶದ ಪಿಂಚಣಿ ಕಾನೂನಿನ ಹಳೆಯ ಸೂತ್ರ. 2001ರ ನಿಯಮವು ಅದರ ವಿಸ್ತರಣೆ.

ವೇತನದ ಪ್ರಮಾಣವನ್ನು ಚಿಕಿತ್ಸೆಯ ತೀವ್ರತೆಯಿಂದ ಅಳೆಯುತ್ತಾರೆ. ಪಥ್ಯವೊಂದೇ ಸಾಕಾದರೆ ವೈಕಲ್ಯವು ಶೇಕಡ 10. ಪಥ್ಯದೊಡನೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾದರೆ 20. ಶೇಕಡ 40ಕ್ಕೆ ಏರಬೇಕಾದರೆ ಇನ್ಸುಲಿನ್ನಿನ ಜೊತೆಗೆ ಶ್ರಮದ ಚಟುವಟಿಕೆಗಳನ್ನೂ ವರ್ಜಿಸಬೇಕಾದ ಸ್ಥಿತಿಯಿರಬೇಕು. ಅದಕ್ಕೆ ವೈದ್ಯಕೀಯ ಸಾಕ್ಷ್ಯವೂ ಬೇಕೆಂದು 2007ರಲ್ಲಿ ಯೋಧರ ಅಪೀಲು ನ್ಯಾಯಾಲಯವು ತೀರ್ಪಿತ್ತಿತು. ಮಧುಮೇಹಿಗೆ ವೈದ್ಯರು ಸಾಮಾನ್ಯವಾಗಿ ನಡೆಯಿರಿ, ದುಡಿಯಿರಿ ಎಂದೇ ಬುದ್ಧಿ ಹೇಳುತ್ತಾರೆ. ಎಷ್ಟೋ ಅಪೀಲುಗಳು ಬಿದ್ದುಹೋದುದು ಈ ಒಂದು ಮೆಟ್ಟಿಲಿನಲ್ಲಿ.

ಇನ್ನು ವಿಯೆಟ್ನಾಮಿನ ಎಲ್ಲೆಯ ಪ್ರಶ್ನೆ. ವಿಯೆಟ್ನಾಂ ಸೇವಾಪದಕವಿದ್ದರೆ ಸಾಕೆಂದು ಇಲಾಖೆಯ ಕೈಪಿಡಿಯು ಮೊದಲು ಹೇಳುತ್ತಿದ್ದಿತು. ಆ ಪದಕವು ಕರಾವಳಿಯ ಹಡಗುಗಳಲ್ಲಿದ್ದವರಿಗೂ ದೊರೆತಿದ್ದಿತು. 2002ರಲ್ಲಿ ಕೈಪಿಡಿಯನ್ನು ತಿದ್ದಿ, ನೆಲದ ಮೇಲೆ ಕಾಲಿಟ್ಟಿರಬೇಕೆಂಬ ಷರತ್ತನ್ನು ಬಿಗಿಗೊಳಿಸಿದರು. ಮದ್ದುಗುಂಡಿನ ಹಡಗೊಂದರಲ್ಲಿ ದುಡಿದಿದ್ದ ನೌಕಾಯೋಧನೊಬ್ಬನು ಮಧುಮೇಹಕ್ಕಾಗಿ 2001ರಲ್ಲಿ ಸಲ್ಲಿಸಿದ್ದ ಅರ್ಜಿಯು ಹೀಗೆ ತಿರಸ್ಕೃತವಾಯಿತು. ದಡದಿಂದ ತೇಲಿಬಂದ ವಿಷದ ಮೋಡವು ತನ್ನ ಹಡಗನ್ನು ಮುಸುಕುತ್ತಿದ್ದಿತೆಂಬುದು ಆತನ ವಾದ. ಹಾಸ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ 2006ರಲ್ಲಿ ಯೋಧರ ನ್ಯಾಯಾಲಯವು ಆತನ ಪರವಾಗಿ ತೀರ್ಪಿತ್ತಿತು. 2008ರಲ್ಲಿ ಫೆಡರಲ್ ಅಪೀಲು ನ್ಯಾಯಾಲಯವು ಇಬ್ಬರು ಒಬ್ಬರ ಬಹುಮತದಿಂದ ಅದನ್ನು ರದ್ದುಗೊಳಿಸಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಅಪೀಲನ್ನು ಸ್ವೀಕರಿಸಲಿಲ್ಲ.

ಅಂದಿನಿಂದ ನೌಕಾಯೋಧರಲ್ಲಿ ಎರಡು ಪಂಗಡಗಳಾದುವು: ನದಿಗಳನ್ನು ಹೊಕ್ಕ ಕಂದು ನೀರಿನವರು, ಕಡಲಲ್ಲೇ ಉಳಿದ ನೀಲಿ ನೀರಿನವರು. ಮೊದಲಿನವರಿಗೆ ವೇತನವುಂಟು, ಎರಡನೆಯವರಿಗೆ ಇಲ್ಲ. ಹಡಗಿನ ದಿನಚರಿಯಲ್ಲಿ ನಾಲ್ವತ್ತು ವರ್ಷಗಳ ಹಿಂದೆ ಯಾರೋ ಗೀಚಿದ ಒಂದು ಸಾಲು ಮುದುಕನೊಬ್ಬನ ಹಕ್ಕನ್ನು ನಿರ್ಣಯಿಸತೊಡಗಿತು. ಹಡಗುಗಳಲ್ಲಿ ಸಮುದ್ರದ ನೀರನ್ನು ಭಟ್ಟಿಯಿಳಿಸಿ ಕುಡಿಯುತ್ತಿದ್ದರಷ್ಟೆ. ಆ ಕ್ರಿಯೆಯಲ್ಲಿ ಡಯಾಕ್ಸಿನ್ ಹಿಂದುಳಿಯದೆ ಕುಡಿಯುವ ನೀರಿನಲ್ಲಿ ಸಾಂದ್ರವಾಗಬಹುದೆಂದು ಆಸ್ಟ್ರೇಲಿಯದ ಸಂಶೋಧಕರು 2002ರಲ್ಲಿಯೇ ತೋರಿಸಿದ್ದರು. ಅದು ಅಮೆರಿಕದ ಇಲಾಖೆಯ ಮನಸ್ಸನ್ನು ಕದಲಿಸಲಿಲ್ಲ.

2019ರ ಜನವರಿಯಲ್ಲಿ ಪ್ರೊಕೋಪಿಯೊ ಮೊಕದ್ದಮೆಯಲ್ಲಿ ಅದೇ ಫೆಡರಲ್ ಅಪೀಲು ನ್ಯಾಯಾಲಯದ ಪೂರ್ಣಪೀಠವು ತನ್ನ ಹಿಂದಿನ ತೀರ್ಪನ್ನು ಒಂಬತ್ತು ಎರಡರ ಬಹುಮತದಿಂದ ಅಳಿಸಿತು. ಇಲ್ಲಿಯೂ ವಾದಿಯ ರೋಗಗಳಲ್ಲಿ ಮಧುಮೇಹವೊಂದು. ತೀರ್ಪು ನಿಂತುದು ವೈದ್ಯಶಾಸ್ತ್ರದ ಮೇಲಲ್ಲ, ಭೂಗೋಳದ ಮೇಲೆ: ಒಂದು ರಾಷ್ಟ್ರದ ಹೆಸರೆಂದರೆ ಅದರ ನೆಲವಷ್ಟೇ ಅಲ್ಲದೆ 12 ನಾವಿಕ ಮೈಲಿಗಳ ಕಡಲೂ ಸೇರಿತೆಂಬುದು ಅಂತರರಾಷ್ಟ್ರೀಯ ಕಾನೂನಿನ ಮತ. ಅದೇ ಜೂನಿನಲ್ಲಿ ಶಾಸನಸಭೆಯು ಕಡಲಿನ ಎಲ್ಲೆಯನ್ನು ಅಕ್ಷಾಂಶ ರೇಖಾಂಶಗಳಿಂದಲೇ ಗುರುತಿಸಿ ನಿಯಮವನ್ನು ಶಾಸನವಾಗಿಸಿತು. ಅದು 2020ರ ಜನವರಿ 1ರಂದು ಜಾರಿಗೆ ಬಂದಿತು.

ಆ ವರ್ಷವೇ ನೆಹ್ಮರ್ ಮೊಕದ್ದಮೆಯ ನ್ಯಾಯಾಲಯವು, ಹಿಂದೆ ನೆಲದ ಷರತ್ತಿನಿಂದ ತಿರಸ್ಕೃತವಾಗಿದ್ದ ನೌಕಾಯೋಧರ ಅರ್ಜಿಗಳನ್ನು ಇಲಾಖೆಯೇ ಹುಡುಕಿ ತೆಗೆದು ಪುನಃ ವಿಚಾರಿಸಬೇಕೆಂದು ಆಜ್ಞಾಪಿಸಿತು. ಅರ್ಜಿದಾರನು ಅಷ್ಟರಲ್ಲಿ ತೀರಿಕೊಂಡಿದ್ದರೆ ಬಾಕಿಯ ಹಣವು ಅವನ ಹೆಂಡತಿಗೆ, ಅವಳಿಲ್ಲದಿದ್ದರೆ ಮಕ್ಕಳಿಗೆ ಸಲ್ಲತಕ್ಕದ್ದು.