ವ್ಯಾಯಾಮ ಮತ್ತು ನಾಡಿಬಡಿತ (ಶಾಲಾ ಪ್ರಯೋಗ)

ವ್ಯಾಯಾಮ ಮಾಡಿದಾಗ ಹೃದಯದ ಬಡಿತ ಏರುವುದನ್ನೂ ನಿಲ್ಲಿಸಿದಾಗ ಇಳಿಯುವುದನ್ನೂ ವಿದ್ಯಾರ್ಥಿಗಳೇ ನಾಡಿ ಹಿಡಿದು ಎಣಿಸಿ ತಿಳಿಯುವ ಪ್ರಯೋಗ. ಸೆಕೆಂಡು ಮುಳ್ಳಿರುವ ಗಡಿಯಾರವೊಂದಿದ್ದರೆ ಸಾಕಾದ್ದರಿಂದ ಪ್ರಯೋಗಾಲಯವಿಲ್ಲದ ಶಾಲೆಯಲ್ಲೂ ಇದನ್ನು ಮಾಡಬಹುದು. ಎನ್‌ಸಿಇಆರ್‌ಟಿ 2007ರಲ್ಲಿ ಹೊರತಂದ ಏಳನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದು ರಕ್ತ ಪರಿಚಲನೆಯ ಭಾಗದಲ್ಲಿದೆ. ಆಲಿಕೆ, ರಬ್ಬರ್ ನಳಿಕೆ ಮತ್ತು ಬಲೂನಿನಿಂದ ಸ್ಟೆತೊಸ್ಕೋಪ್ ಮಾಡುವ ಚಟುವಟಿಕೆಯೂ ಅಲ್ಲೇ ಇದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಬಡಿತದ ಲಯ ಹುಟ್ಟುವುದು ಬಲ ಹೃತ್ಕರ್ಣದ ಸೈನೋಏಟ್ರಿಯಲ್ ಗಂಟಿನಲ್ಲಿ. ಅದನ್ನು ತನ್ನ ಪಾಡಿಗೆ ಬಿಟ್ಟರೆ ಸುಮಾರು 100 ಬಾರಿ ಮಿಡಿಯುತ್ತದೆ. ಆ ವೇಗವನ್ನು ತಗ್ಗಿಸಿ ಹಿಡಿದಿರುವುದು ವೇಗಸ್ ನರ. ಓಡತೊಡಗಿದ ಕೂಡಲೇ ಈ ಹಿಡಿತ ಸಡಿಲವಾಗುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಬಡಿತ ಏರುತ್ತದೆ. ಶ್ರಮ ಹೆಚ್ಚಿದಂತೆ ಬಡಿತ ಏರಿಸುವ ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ನೂ ಸೇರಿಕೊಳ್ಳುತ್ತವೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತಿದ್ದ ಹೃದಯ ಕಠಿಣ ವ್ಯಾಯಾಮದಲ್ಲಿ 20 ಲೀಟರ್ ದಾಟಬಲ್ಲದು. ಓಟದ ಸೀಟಿ ಊದುವುದನ್ನೇ ಕಾಯುತ್ತ ನಿಂತ ಹುಡುಗಿಯ ನಾಡಿ ಓಡುವ ಮುನ್ನವೇ ಏರಿರುತ್ತದೆ. ಆದ್ದರಿಂದ ವಿಶ್ರಾಂತಿಯ ಎಣಿಕೆಯನ್ನು ಐದು ನಿಮಿಷ ಸುಮ್ಮನೆ ಕೂತ ಮೇಲೆಯೇ ತೆಗೆದುಕೊಳ್ಳಬೇಕು.

ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಗೆ ತೋರುಬೆರಳನ್ನೂ ನಡುಬೆರಳನ್ನೂ ಮೆಲ್ಲಗೆ ಒತ್ತಿದರೆ ನಾಡಿ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿದರೆ ಅದರದೇ ಮಿಡಿತ ಎಣಿಕೆಗೆ ಸೇರಿಬಿಡುವ ಸಾಧ್ಯತೆಯಿದೆ. ಸಾಮಾನ್ಯವಾಗಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಹಾಗೆಂದು, ಓಡಿ ಬಂದವರ ನಾಡಿಯನ್ನು ಇಡೀ ನಿಮಿಷ ಎಣಿಸುವಂತೆಯೂ ಇಲ್ಲ: ಎಣಿಸುತ್ತಿರುವಾಗಲೇ ಅದು ಇಳಿಯುತ್ತಿರುತ್ತದೆ, ಗರಿಷ್ಠ ವೇಗ ಕೈಗೆ ಸಿಗುವುದಿಲ್ಲ.

ಓಡಿದರೆ ಎದೆ ಡವಡವ ಅನ್ನುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಾಠದ ತಿರುಳಿರುವುದು ಇಳಿಕೆಯಲ್ಲಿ. ಓಟ ನಿಂತ ಮೇಲೆ ನಿಮಿಷಕ್ಕೊಮ್ಮೆ ಎಣಿಸಿ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ, ಗೆರೆ ಮೊದಲು ಕಡಿದಾಗಿ, ಆಮೇಲೆ ನಿಧಾನವಾಗಿ ಬಾಗುವುದು ಕಾಣುತ್ತದೆ. ನಿತ್ಯ ಅಭ್ಯಾಸವಿರುವವರ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುವುದರಿಂದ ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ, ಇಳಿಕೆಯೂ ಬೇಗ. ಹಾರ್ವರ್ಡ್ ಮೆಟ್ಟಿಲು ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ಲೂಸಿಯನ್ ಬ್ರೂಹಾ 1943ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ 20 ಇಂಚು ಎತ್ತರದ ಮಣೆಯನ್ನು ನಿಮಿಷಕ್ಕೆ 30 ಬಾರಿಯಂತೆ 5 ನಿಮಿಷ ಹತ್ತಿಳಿಯಬೇಕು. ನಾಡಿ ನೋಡುವುದು ಕೆಲಸ ಮುಗಿದು ಕೂತ ಮೇಲೆ. ಯುವಕರಿಗಾಗಿ ರೂಪಿಸಿದ ಈ ಎತ್ತರ ಶಾಲಾ ಮಕ್ಕಳಿಗೆ ಹೆಚ್ಚಾಯಿತು. ಶಾಲೆಯ ಜಗಲಿ ಮೆಟ್ಟಿಲೇ ಸಾಕು.

ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಜನಪ್ರಿಯ ಸೂತ್ರ ವಯಸ್ಕರಿಗೂ ಅಂದಾಜು ಮಾತ್ರ, ಮಕ್ಕಳಿಗೆ ಹೊಂದುವುದಿಲ್ಲ. ವಿಶ್ರಾಂತಿಯ ಬಡಿತವೂ ವಯಸ್ಸು, ಜ್ವರ, ಭಯ, ಸೆಕೆಗಳಿಗೆ ತಕ್ಕಂತೆ ಬದಲಾಗುವುದರಿಂದ ತರಗತಿಯಲ್ಲಿ ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವ ಬದಲು ಅವರವರ ಹಿಂದಿನ ಅಂಕಿಗೇ ಹೋಲಿಸಬೇಕು. ಹೃದ್ರೋಗವಿರುವ, ಉಬ್ಬಸವಿರುವ ಅಥವಾ ಜ್ವರದಿಂದ ಈಗಷ್ಟೇ ಎದ್ದ ಮಕ್ಕಳನ್ನು ಓಡಿಸದೆ ಅವರ ಕೈಗೆ ಗಡಿಯಾರವನ್ನೂ ಅಂಕಿ ಬರೆಯುವ ಪುಸ್ತಕವನ್ನೂ ಕೊಡಬೇಕು.